‘ಡೆನ್ಸಿಟಿ 21.5’ ನುಡಿಸಲು ಪ್ಲಾಟಿನಂ ಕೊಳಲು ಬೇಕೇ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹದಿನಾರು ವರ್ಷ. ಒಂಬತ್ತನೆಯ ವಯಸ್ಸಿನಿಂದ ಬೆಂಗಳೂರಿನಲ್ಲಿ ಪಾಶ್ಚಾತ್ಯ ಕೊಳಲು ಕಲಿಯುತ್ತಿದ್ದಾಳೆ. ಅದಕ್ಕೆ ಮುಂಚೆ ಎರಡು ವರ್ಷ ಬಿದಿರಿನ ಕೊಳಲಿನಲ್ಲಿ ಕರ್ನಾಟಕ ಸಂಗೀತದ ಪಾಠವಾಗಿತ್ತು. ನಾನೂ ಚಿಕ್ಕಂದಿನಲ್ಲಿ ವರ್ಣಗಳವರೆಗೆ ಹಾಡುಗಾರಿಕೆ ಕಲಿತವನು. ಮುಂದಿನ ವರ್ಷದ ಡಿಪ್ಲೊಮಾ ಪರೀಕ್ಷೆಗೆ ಅವಳ ಶಿಕ್ಷಕರು ಎಡ್ಗಾರ್ ವರೇಸ್ ಎಂಬುವವರ ‘ಡೆನ್ಸಿಟಿ 21.5’ ಎಂಬ ಒಂಟಿ ಕೊಳಲಿನ ಕೃತಿಯನ್ನು ಕೊಟ್ಟಿದ್ದಾರೆ. ಅಂದಿನಿಂದ ನನಗೆ ಸಮಾಧಾನವಿಲ್ಲ.

ಮೊದಲನೆಯದಾಗಿ, ಇದು ಪ್ಲಾಟಿನಂ ಕೊಳಲಿಗಾಗಿಯೇ ಬರೆದದ್ದಂತೆ. ಮಗಳ ಕೊಳಲು ಏಳು ವರ್ಷದ ಹಿಂದೆ ಕೊಂಡದ್ದು. ಬೆಳ್ಳಿಯ ಲೇಪವಷ್ಟೇ ಇದೆ. ವಾದ್ಯಗಳ ವ್ಯಾಪಾರದಲ್ಲಿರುವ ಪರಿಚಯಸ್ಥರೊಬ್ಬರು, ‘ಈ ಕೊಳಲಿನಲ್ಲಿ ಆ ಕೃತಿಯ ನಾದ ಹುಟ್ಟುವುದೇ ಇಲ್ಲ, ಕೊನೆಯ ಪಕ್ಷ ಅಪ್ಪಟ ಬೆಳ್ಳಿಯದಾದರೂ ಬೇಕು’ ಎಂದರು. ಎರಡೂವರೆ ಲಕ್ಷ ರೂಪಾಯಿ. ಸಾಲದ ಅರ್ಜಿ ತಂದಿಟ್ಟುಕೊಂಡಿದ್ದೇನೆ. ಎರಡನೆಯದು, ಕೃತಿಯ ನಡುವೆ ಕೊಳಲಿನ ರಂಧ್ರ ಮುಚ್ಚುವ ಕೀಗಳನ್ನು ಬೆರಳಿನಿಂದ ಬಡಿಯಬೇಕಂತೆ. ಅವಳು ಬಡಿಯುವ ರಭಸ ನೋಡಿದರೆ ಇರುವ ಕೊಳಲೂ ಹಾಳಾದೀತೆಂಬ ಭಯ. ಮೂರನೆಯದು, ತಾರಸ್ಥಾಯಿಯ ಕೊನೆಯ ಸ್ವರಗಳು ಕಿವಿ ಸೀಳುವಂತಿವೆ. ಅಭ್ಯಾಸ ಮುಗಿದ ಮೇಲೆ ಬಲಕಿವಿ ಗುಂಯ್ಗುಡುತ್ತದೆ ಎಂದು ಅವಳು ಎರಡು ಸಲ ಹೇಳಿದಳು.

ಕೊನೆಯದನ್ನು ಹೇಗೆ ಕೇಳುವುದೋ ತಿಳಿಯದು. ಶುರುವಿನಲ್ಲಿ ಯಾವುದೋ ರಾಗ ಸಿಕ್ಕಂತಾಗುತ್ತದೆ, ಮರುಕ್ಷಣ ಕೈಜಾರುತ್ತದೆ. ಅವಳಿಗೆ ಆಸರೆಯಾಗಲಿ ಎಂದು ಒಂದು ದಿನ ಶ್ರುತಿಪೆಟ್ಟಿಗೆ ಹಾಕಿಕೊಟ್ಟೆ. ‘ಬೇಡ ಅಪ್ಪಾ’ ಎಂದು ಆರಿಸಿಬಿಟ್ಟಳು. ಏಳು ವರ್ಷ ಕಲಿತದ್ದು ಇದಕ್ಕೋ ಅನ್ನಿಸಿತು. ದಯವಿಟ್ಟು ತಿಳಿಸಿ.

ಉತ್ತರ: ಸಾಲದ ಅರ್ಜಿಯನ್ನು ಸದ್ಯಕ್ಕೆ ಮೇಜಿನ ಖಾನೆಯೊಳಗೆ ಇಟ್ಟುಬಿಡಿ. ಉಳಿದ ಮೂರನ್ನು ನಿಧಾನವಾಗಿ ಮಾತಾಡೋಣ. ಅವುಗಳಲ್ಲಿ ಕಿವಿಯದು ಮಾತ್ರ ಇಂದೇ ಗಮನ ಕೊಡಬೇಕಾದದ್ದು. ಆ ಭಾಗವನ್ನು ನೀವು ಮೊದಲು ಓದಿಕೊಂಡರೂ ಸರಿಯೇ.

ಗೊಂದಲಕ್ಕೆಲ್ಲ ಮೂಲ ಕೃತಿಯ ಹೆಸರು. ಜಾರ್ಜ್ ಬಾರೇರ್ ಎಂಬ ಫ್ರೆಂಚ್ ಕೊಳಲುವಾದಕರಿದ್ದರು. 1894ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ದೆಬ್ಯುಸಿಯ ‘ಫಾನ್’ ಪ್ರೆಲ್ಯೂಡ್ ಎಂಬ ವಾದ್ಯವೃಂದದ ಕೃತಿ ಮೊಟ್ಟಮೊದಲು ನುಡಿದಾಗ, ಅದರ ಆರಂಭದ ಒಂಟಿ ಕೊಳಲಿನ ಸಾಲನ್ನು ನುಡಿಸಿದವರು ಇವರೇ. ಆಗ ಅವರಿಗೆ ಹದಿನೆಂಟು ವರ್ಷ. 1905ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ನೆಲೆಸಿದರು. 1935ರಲ್ಲಿ ಅವರಿಗಾಗಿ ಒಂದು ಪ್ಲಾಟಿನಂ ಕೊಳಲು ತಯಾರಾಯಿತು. ಅದರ ಉದ್ಘಾಟನೆಗೊಂದು ಕೃತಿ ಬರೆದುಕೊಡಿ ಎಂದು ಅವರು ವರೇಸ್‌ರನ್ನು ಕೇಳಿದರು. ವರೇಸ್ 1936ರ ಜನವರಿಯಲ್ಲಿ ಬರೆದುಕೊಟ್ಟರು. ಫೆಬ್ರವರಿ 16ರಂದು ಕಾರ್ನೆಗಿ ಹಾಲ್‌ನಲ್ಲಿ ಬಾರೇರ್ ನುಡಿಸಿದರು. ಒಂದು ಘನ ಸೆಂಟಿಮೀಟರ್ ಪ್ಲಾಟಿನಂ ಸುಮಾರು 21.5 ಗ್ರಾಂ ತೂಗುತ್ತದೆ. ಹೆಸರು ಬಂದದ್ದು ಅಷ್ಟರಿಂದ. ಹತ್ತು ವರ್ಷದ ನಂತರ, 1946ರಲ್ಲಿ, ವರೇಸ್ ಅದನ್ನು ಪರಿಷ್ಕರಿಸಿದರು. ಇಂದು ನಾವೆಲ್ಲ ನುಡಿಸುವುದು ಆ ಪರಿಷ್ಕೃತ ರೂಪವನ್ನು.

ಅಂದರೆ, ಪ್ಲಾಟಿನಂ ಈ ಕೃತಿ ಹುಟ್ಟಿದ ಸಂದರ್ಭ. ನುಡಿಸುವುದಕ್ಕೆ ಅದು ಷರತ್ತೇನಲ್ಲ. ಜಗತ್ತಿನ ಸಂಗೀತ ಶಾಲೆಗಳಲ್ಲಿ ಎಂಟು ದಶಕಗಳಿಂದ ಇದನ್ನು ಕಲಿತವರಲ್ಲಿ ಬಹುಪಾಲು ಜನ ಪ್ಲಾಟಿನಂ ಕೊಳಲನ್ನು ಕಣ್ಣಿನಿಂದಲೂ ಕಂಡವರಲ್ಲ. ನಾನೂ ನನ್ನ ವಿದ್ಯಾರ್ಥಿದೆಸೆಯಲ್ಲಿ ಇದನ್ನು ನುಡಿಸಿದ್ದು ಜರ್ಮನ್ ಸಿಲ್ವರ್‌ನ ಕೊಳಲಿನಲ್ಲೇ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಆ ಮಿಶ್ರಲೋಹದಲ್ಲಿ ಇರುವುದು ತಾಮ್ರ, ನಿಕ್ಕಲ್, ಸತು ಅಷ್ಟೇ.

ಆದರೂ ಲೋಹ ಬದಲಾದರೆ ನಾದ ಬದಲಾಗುತ್ತದಲ್ಲವೇ ಎಂದು ನೀವು ಕೇಳಬಹುದು. ನಮ್ಮ ಕಿವಿಯ ತರಬೇತಿಯೇ ಹಾಗೆ ನಂಬಲು ಕಾರಣ. ವೀಣೆಯ ಕೊಡಕ್ಕೆ ಹಲಸಿನ ಮರ ಬೇಕು ಎನ್ನುತ್ತೇವೆ, ಅದು ನಿಜವೂ ಹೌದು, ಏಕೆಂದರೆ ತಂತಿಯ ಕಂಪನವನ್ನು ಹೊತ್ತು ಹೊರಕ್ಕೆ ಸಾರುವುದು ಆ ಮರವೇ. ಕೊಳಲಿನಲ್ಲಿ ಕಂಪಿಸುವುದು ಗಾಳಿ. ತುಟಿಗಳ ನಡುವಿನಿಂದ ಹೊರಟ ಗಾಳಿಯ ತೆಳುವಾದ ಪಟ್ಟಿ ಮುಖರಂಧ್ರದ ಆಚೆಯ ಅಂಚಿಗೆ ತಾಗಿ, ಸೆಕೆಂಡಿಗೆ ನೂರಾರು ಸಲ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತೂಗಾಡುತ್ತದೆ. ಆ ತೂಗಾಟ ಕೊಳವೆಯೊಳಗಿನ ಗಾಳಿಯ ಕಂಬವನ್ನು ಮಿಡಿಸುತ್ತದೆ. ಲೋಹದ ಗೋಡೆಯ ಕೆಲಸ ಆ ಗಾಳಿಗೆ ಆಕಾರ ಕೊಡುವುದು. ಗೋಡೆಯೂ ಸ್ವಲ್ಪ ಅದುರುತ್ತದೆ. ನಿಮ್ಮ ಮಗಳ ಬೆರಳಿಗೆ ಅದು ತಿಳಿಯುತ್ತದೆ ಕೂಡ. ಆದರೆ ಆ ಅದುರಿನಿಂದ ಹೊರಬರುವ ಸದ್ದು ಕೇಳುಗನ ಕಿವಿಗೆ ಗಣನೆಗೆ ಬಾರದಷ್ಟು ಕಡಿಮೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 1971ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಕೋಲ್ಟ್‌ಮನ್ ತೆಳು ಬೆಳ್ಳಿ, ದಪ್ಪ ತಾಮ್ರ, ಮರ ಈ ಮೂರರಲ್ಲಿ ಒಳ ಅಳತೆ ಒಂದೇ ಆಗಿರುವ ಕೊಳವೆಗಳನ್ನು ಮಾಡಿಸಿ ನುಡಿಸಿದರು. ಯಾವುದು ಯಾವುದೆಂದು ಕೇಳುಗರಿಗೂ ಗೊತ್ತಾಗಲಿಲ್ಲ, ಊದಿದವರಿಗೂ ಗೊತ್ತಾಗಲಿಲ್ಲ. 2001ರಲ್ಲಿ ವಿಯೆನ್ನಾದ ಸಂಶೋಧಕರು ಒಂದೇ ತಯಾರಕರ ಒಂದೇ ಮಾದರಿಯ ಏಳು ಕೊಳಲುಗಳನ್ನು ಏಳು ಮಂದಿ ವೃತ್ತಿಪರರ ಕೈಗೆ ಕೊಟ್ಟರು. ಬೆಳ್ಳಿ ಲೇಪದಿಂದ ಹಿಡಿದು ಚಿನ್ನ, ಪ್ಲಾಟಿನಂವರೆಗೆ ಎಲ್ಲವೂ ಅದರಲ್ಲಿದ್ದವು. ಲೋಹದಿಂದ ಲೋಹಕ್ಕೆ ಕಂಡ ವ್ಯತ್ಯಾಸ ಅರ್ಧ ಡೆಸಿಬೆಲ್ಲಿಗಿಂತ ಕಡಿಮೆ. ವಾದಕರಿಂದ ವಾದಕರಿಗೆ ಕಂಡ ವ್ಯತ್ಯಾಸ ಅದಕ್ಕಿಂತ ಎಷ್ಟೋ ಹೆಚ್ಚು.

ಹಾಗಾದರೆ ದುಬಾರಿ ಕೊಳಲು ಕೈಗೆತ್ತಿಕೊಂಡಾಗ ನಾದ ಬೇರೆಯೇ ಅನ್ನಿಸುವುದು ಬರೀ ಭ್ರಮೆಯೇ? ಅಲ್ಲ. ವ್ಯತ್ಯಾಸ ಇರುತ್ತದೆ, ಕಾರಣ ಮಾತ್ರ ಬೇರೆ. ಬೆಲೆಬಾಳುವ ಲೋಹದ ಮೇಲೆ ತಯಾರಕರು ತಮ್ಮಲ್ಲಿನ ಅತ್ಯಂತ ಪಳಗಿದ ಕೆಲಸಗಾರರನ್ನೇ ಕೂರಿಸುತ್ತಾರೆ. ಮುಖರಂಧ್ರದ ಅಂಚನ್ನು ಕೈಯಿಂದ ಕೊರೆಯುತ್ತಾರೆ, ಕೀಗಳ ಕೆಳಗೆ ರಂಧ್ರ ಮುಚ್ಚುವ ಪ್ಯಾಡುಗಳನ್ನು ಒಂದೊಂದಾಗಿ ಕೂರಿಸಿ ಪರೀಕ್ಷಿಸುತ್ತಾರೆ, ಕೀಗಳ ಚಲನೆಯನ್ನು ಎಣ್ಣೆಯಲ್ಲಿ ಬೆರಳು ಜಾರಿದಷ್ಟು ನುಣುಪು ಮಾಡುತ್ತಾರೆ. ಬಿದಿರಿನ ಕೊಳಲಿನಲ್ಲೂ ಮುಖರಂಧ್ರದ ಅಂಚು ಕೂದಲೆಳೆಯಷ್ಟು ಆಚೀಚೆಯಾದರೆ ನಾದವೇ ಬೇರೆಯಾಗುವುದನ್ನು ನೀವು ಕಂಡಿರಬಹುದು. ಗ್ರಾಹಕರು ಆ ಕೈಕೆಲಸಕ್ಕೆ ಹಣ ಕೊಡುತ್ತಾರೆ, ಹೊಗಳುವುದು ಮಾತ್ರ ಲೋಹವನ್ನು. ಜೊತೆಗೆ, ಒಳ್ಳೆಯ ವಾದ್ಯ ಕೈಯಲ್ಲಿದೆ ಎಂಬ ಭರವಸೆಯಿಂದ ಉಸಿರು ನಿರಾಳವಾಗಿ ಹರಿಯುತ್ತದೆ. ಆ ಭರವಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಎರಡೂವರೆ ಲಕ್ಷದ ಸಾಲ ಮಾಡಬೇಕೇ ಎಂಬುದಷ್ಟೇ ಪ್ರಶ್ನೆ.

ನಿಮ್ಮ ಪರಿಚಯಸ್ಥರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಈ ನಂಬಿಕೆ ಕೊಳಲಿನವರ ನಡುವೆ ನೂರು ವರ್ಷಗಳಿಂದ ಬೇರುಬಿಟ್ಟಿದೆ; ಅವರೂ ಅದನ್ನು ಮನಸಾರೆ ನಂಬಿರಬಹುದು. ಪ್ಲಾಟಿನಂ ಕೊಳಲಿನ ಬೆಲೆಯಲ್ಲಿ ಲೋಹದ ಜೊತೆಗೆ ಚರಿತ್ರೆಯೂ ಸೇರಿರುತ್ತದೆ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪ್ರದರ್ಶಿಸಿದ್ದ, ಆಮೇಲೆ ಅಮೆರಿಕದ ಕೊಳಲುವಾದಕ ವಿಲಿಯಂ ಕಿನ್‌ಕೇಡ್ ನುಡಿಸಿದ ಪ್ಲಾಟಿನಂ ಕೊಳಲೊಂದು 1986ರ ಹರಾಜಿನಲ್ಲಿ 1,87,000 ಡಾಲರಿಗೆ ಹೋಯಿತು. ಆ ಹಣ ಬಿದ್ದದ್ದು ಕಿನ್‌ಕೇಡ್ ಅವರ ಉಸಿರಾಡಿದ ಕೊಳವೆ ಎಂಬುದಕ್ಕೆ.

ಈಗ ನಿಮ್ಮ ಮಗಳ ಕೊಳಲಿಗೆ ಬರುತ್ತೇನೆ. ‘ಈ ಕೊಳಲಿನಲ್ಲಿ ಆ ನಾದ ಹುಟ್ಟುವುದಿಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯ ಇರಲೂಬಹುದು. ಏಳು ವರ್ಷದ ಕೊಳಲು ಎಂದಿರಿ. ಪ್ಯಾಡು ಬದಲಿಸಿದ ಮಾತು ಪತ್ರದಲ್ಲಿಲ್ಲ. ಪ್ಯಾಡ್ ಎಂದರೆ ಉಣ್ಣೆಯ ಫೆಲ್ಟಿನ ಬಿಲ್ಲೆ. ಅದರ ಮೇಲೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳುವಾದ ಪೊರೆಯ ಹೊದಿಕೆ. ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಸೆಡೆಯುತ್ತದೆ, ವರ್ಷಗಳು ಕಳೆದಂತೆ ಅಂಚಿನಲ್ಲಿ ಸವೆಯುತ್ತದೆ. ಅಲ್ಲಿಂದ ಗಾಳಿ ಸೋರುತ್ತದೆ. ಸೋರಿಕೆ ಒಂದು ಕೂದಲಿನಷ್ಟಿದ್ದರೂ ಮಂದ್ರದ ಸ್ವರಗಳು ಬಡವಾಗುತ್ತವೆ. ಮಕ್ಕಳು ಅದನ್ನು ತಿಳಿಯದೆ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಸರಿದೂಗಿಸುತ್ತಾರೆ. ಮುಂಗೈ ನೋವು ಶುರುವಾಗುವುದೇ ಹೀಗೆ.

ನನ್ನ ಮೇಜಿನ ಮೇಲೆ ಸದಾ ಒಂದು ಕಟ್ಟು ಸಿಗರೇಟು ಕಾಗದ ಇರುತ್ತದೆ. ಅದರಿಂದ ಬೆಂಕಿಕಡ್ಡಿಯ ಅಗಲದ ಪಟ್ಟಿ ಕತ್ತರಿಸಿ ಪ್ಯಾಡಿನ ಕೆಳಗೆ ಇಟ್ಟು, ಕೀಯನ್ನು ಹೂವು ಮುಟ್ಟಿದಷ್ಟು ಮೆಲ್ಲಗೆ ಒತ್ತಿ, ಪಟ್ಟಿಯನ್ನು ಎಳೆಯುತ್ತೇನೆ. ಪ್ಯಾಡು ಸರಿಯಾಗಿ ಕೂತಿದ್ದರೆ ಕಾಗದವನ್ನು ಹಿಡಿಯುತ್ತದೆ. ಎಳೆದಾಗ ಒಂದು ಬಿಗಿ ಸಿಗುತ್ತದೆ. ಸೋರುವ ಕಡೆ ಪಟ್ಟಿ ಸಲೀಸಾಗಿ ಜಾರಿ ಬರುತ್ತದೆ. ಒಂದೊಂದು ಪ್ಯಾಡಿಗೂ ನಾಲ್ಕು ಕಡೆ ಹೀಗೆ ನೋಡಬೇಕು. ಕಳೆದ ವರ್ಷ ಒಬ್ಬ ಹುಡುಗ ಇದೇ ಕೃತಿಯೊಂದಿಗೆ ಬಂದಿದ್ದ. ‘ಕೆಳಗಿನ ಸಿ ಬರುತ್ತಿಲ್ಲ, ಕೊಳಲು ಬದಲಿಸಬೇಕು’ ಎಂದು ಮನೆಯಲ್ಲಿ ನಿರ್ಧಾರವೂ ಆಗಿತ್ತು. ಕಾಗದದ ಪಟ್ಟಿ ಮೂರು ಕಡೆ ಜಾರಿತು. ಆ ಪ್ಯಾಡುಗಳನ್ನು ಬದಲಿಸಿ ಕೊಟ್ಟ ಮೇಲೆ ಅದೇ ಕೊಳಲಿನ ಸಿ, ಕಿಟಕಿಯ ಗಾಜು ಅದುರುವಂತೆ ನುಡಿಯಿತು.

ನಿಮ್ಮ ಮುಂದಿರುವ ದಾರಿಗಳು ಹೀಗಿವೆ. ಇರುವ ಕೊಳಲನ್ನೇ ಪೂರ್ತಿ ಬಿಚ್ಚಿ, ಪ್ಯಾಡು ಬದಲಿಸಿ, ಕೀಗಳನ್ನು ಹೊಂದಿಸಿಕೊಳ್ಳುವುದು ಮೊದಲನೆಯದು. ನಾನು ಹೇಳುವುದೂ ಇದನ್ನೇ. ಇದರಲ್ಲಿನ ಅಪಾಯವೆಂದರೆ ಪಾಶ್ಚಾತ್ಯ ಕೊಳಲಿನ ಪ್ಯಾಡು ಕೂರಿಸಲು ಬಲ್ಲವರು ನಮ್ಮಲ್ಲಿ ಕಡಿಮೆ. ಎಲ್ಲ ಊದುವಾದ್ಯಗಳನ್ನೂ ನೋಡುವ ಅಂಗಡಿಗೆ ಕೊಟ್ಟು ಅಂಟು ಮೆತ್ತಿಸಿಕೊಂಡು ಬಂದವರನ್ನು ನಾನು ಬಲ್ಲೆ. ಮಗಳ ಶಿಕ್ಷಕರು ತಮ್ಮ ಕೊಳಲನ್ನು ಯಾರಿಗೆ ಕೊಡುತ್ತಾರೋ ಅವರಿಗೇ ಕೊಡಿ. ಹೊಸ ಪ್ಯಾಡು ಹದಕ್ಕೆ ಬರಲು ಕೆಲವು ವಾರ ಬೇಕು, ಮತ್ತೊಮ್ಮೆ ಹೊಂದಿಸಬೇಕಾಗಿಯೂ ಬರಬಹುದು. ಆದ್ದರಿಂದ ಪರೀಕ್ಷೆಗೆ ಎರಡು ಮೂರು ತಿಂಗಳು ಇರುವಾಗಲೇ ಈ ಕೆಲಸ ಮುಗಿಯಲಿ.

ಎರಡನೆಯ ದಾರಿ, ಕೈಯಿಂದ ಕೊರೆದ ಹೆಡ್‌ಜಾಯಿಂಟ್, ಅಂದರೆ ಮುಖರಂಧ್ರವಿರುವ ತುಂಡು, ಒಂದನ್ನು ಮಾತ್ರ ಕೊಂಡು ಹಳೆಯ ಕೊಳಲಿಗೆ ಜೋಡಿಸುವುದು. ನಾದದ ಬಹುಭಾಗ ತೀರ್ಮಾನವಾಗುವುದು ಅಲ್ಲೇ ಆದ್ದರಿಂದ ಇದು ಅರ್ಥವಿರುವ ಖರ್ಚು. ಆದರೆ ಊದಿ ನೋಡದೆ ತರಿಸಿಕೊಳ್ಳಬೇಡಿ. ಒಬ್ಬರ ತುಟಿಗೆ ಒಲಿದದ್ದು ಇನ್ನೊಬ್ಬರಿಗೆ ಒಲಿಯುವುದಿಲ್ಲ, ಕೊಳವೆಯ ಅಳತೆಯೂ ಕೂಡಿಬರಬೇಕು. ಮೂರನೆಯದು ಹೊಸ ಕೊಳಲು. ಅವಳು ಮುಂದೆಯೂ ಇದೇ ಹಾದಿಯಲ್ಲಿ ನಡೆಯುವುದಾದರೆ ಒಂದು ದಿನ ಬೇಕಾಗುತ್ತದೆ. ಪರೀಕ್ಷೆಯ ವರ್ಷದಲ್ಲಿ ಬೇಡ. ಹೊಸ ಮುಖರಂಧ್ರಕ್ಕೆ ತುಟಿ ಒಗ್ಗಲು ತಿಂಗಳುಗಳೇ ಹಿಡಿಯುತ್ತವೆ. ಅಂಗಡಿಯವರು ಇನ್ನೂ ಏನಾದರೂ ಸೇರಿಸಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ: ಈ ಕೃತಿಗೆ ಉದ್ದನೆಯ ಬಿ ಫುಟ್‌ಜಾಯಿಂಟ್ (ಕೊಳಲಿನ ಕೆಳತುದಿಯ ತುಂಡು) ಬೇಡ, ಅತ್ಯಂತ ಕೆಳಗಿನ ಸ್ವರ ಮಾಮೂಲಿ ಸಿ. ಕಾಲು ಸ್ವರಗಳಾಗಲಿ (ಅರ್ಧಸ್ವರದ ಅರ್ಧ) ಜಾರುಗಳಾಗಲಿ ಇಲ್ಲದ ಕಾರಣ ತೆರೆದ ರಂಧ್ರದ ಕೀಗಳೂ ಕಡ್ಡಾಯವಲ್ಲ.

ಕೀ ಬಡಿಯುವ ವಿಷಯ. ಕೃತಿಯಲ್ಲಿ ಒಟ್ಟು 61 ಅಳತೆಗಳಿವೆ, ಅಂದರೆ ಸ್ವರಲಿಪಿಯಲ್ಲಿ ಎರಡು ಲಂಬಗೆರೆಗಳ ನಡುವಿನ ಭಾಗಗಳು. ಅವುಗಳಲ್ಲಿ 24ರಿಂದ 28ರವರೆಗೆ ಕೆಲವು ಸ್ವರಗಳ ಮೇಲೆ ಕೂಡು ಚಿಹ್ನೆ ಇದೆ. ಅದಕ್ಕೆ ವರೇಸ್ ಕೊಟ್ಟ ವಿವರಣೆಯನ್ನು ಮಗಳಿಂದಲೇ ಓದಿಸಿ ಕೇಳಿ: ಸ್ವರವನ್ನು ಮೆಲ್ಲಗೆ ನುಡಿಸುತ್ತ, ಅದೇ ಹೊತ್ತಿಗೆ ಕೀಗಳನ್ನು ಬಡಿದು ತಾಳವಾದ್ಯದ ಪರಿಣಾಮ ತರಬೇಕು. ಕೊಳಲಿಗಾಗಿ ಬರೆದಿಟ್ಟ ಸಂಗೀತದಲ್ಲಿ ಈ ಉಪಾಯ ಬಳಕೆಯಾದ ಅತಿ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಇದಕ್ಕೆ ಕೆಲವೇ ವರ್ಷಗಳ ಹಿಂದೆ, ಹದಿಮೂರು ಮಂದಿ ತಾಳವಾದ್ಯಗಾರರಿಗಾಗಿ ‘ಅಯೊನಿಜಾಸಿಯೊಂ’ ಬರೆದಿದ್ದವರು ಒಂಟಿ ಕೊಳಲಿನ ಒಳಗೂ ಒಂದು ಪುಟ್ಟ ಮದ್ದಳೆಯನ್ನು ಹುಡುಕಿ ತೆಗೆದರು. ಆ ಅಳತೆಗಳನ್ನು ಹತ್ತಿರದಿಂದ ಕೇಳಿದರೆ ಮೊದಲು ‘ಟಪ್’ ಎಂಬ ಸಣ್ಣ ಏಟು, ಅದರ ಬೆನ್ನಿಗೇ ಅಂಟಿಕೊಂಡ ತೆಳು ಉಸಿರಿನ ಸ್ವರ ಕೇಳಿಸುತ್ತವೆ. ಎರಡೂ ಒಂದೇ ಶ್ರುತಿಯಲ್ಲಿರುತ್ತವೆ.

‘ಮೆಲ್ಲಗೆ’ ಎಂಬ ಪದವೇ ನಿಮ್ಮ ಭಯಕ್ಕೆ ಪರಿಹಾರ. ಹುಡುಗರು ಏಟು ಕೇಳಿಸಲಿ ಎಂದು ಬೆರಳನ್ನು ಎರಡಂಗುಲ ಮೇಲೆತ್ತಿ ಬಡಿಯುತ್ತಾರೆ. ಆಗ ಪ್ಯಾಡಿನ ಪೊರೆ ಸೀಳಬಹುದು, ಹೊಂದಾಣಿಕೆ ತಪ್ಪಬಹುದು. ಅಷ್ಟಾದರೂ ಸದ್ದು ಹೆಚ್ಚುವುದು ಅತ್ಯಲ್ಪ. ಏಟಿನ ಸದ್ದು ಬರುವುದು ಕೀ ಎಷ್ಟು ಚುರುಕಾಗಿ ಮುಚ್ಚಿತು ಎಂಬುದರಿಂದ. ಬೆರಳು ಕೀಯ ಮೇಲೇ ಇರಲಿ, ಗೆಣ್ಣು ಸಡಿಲವಿರಲಿ, ಥಟ್ಟನೆ ಮುಚ್ಚಲಿ. ಊದುವಿಕೆಯನ್ನು ತಗ್ಗಿಸಿದಷ್ಟೂ ಏಟು ತಾನಾಗಿ ಮುಂದೆ ಬರುತ್ತದೆ. ಆ ಐದು ಅಳತೆಗಳ ಬೆರಳುಗಾರಿಕೆಯನ್ನು ದಿನದ ಬಹುಪಾಲು ಊಟದ ಮೇಜಿನ ಅಂಚಿನ ಮೇಲೆ ಅಭ್ಯಾಸ ಮಾಡಲಿ. ಕೊಳಲಿನ ಮೇಲೆ ಹತ್ತು ನಿಮಿಷ ಸಾಕು. ಈ ಎಚ್ಚರ ಇದ್ದರೆ ಕೊಳಲಿಗೆ ಕೇಡಿಲ್ಲ.

ಈಗ ಕಿವಿ. ಗುಂಯ್ಗುಡುವುದನ್ನು ಅವಳು ಎರಡು ಸಲ ಹೇಳಿದಳು ಎಂದು ಬರೆದಿದ್ದೀರಿ. ಮೂರನೆಯ ಸಲಕ್ಕೆ ಕಾಯಬೇಡಿ, ಕಿವಿ ಮೂಗು ಗಂಟಲು ತಜ್ಞರ ಬಳಿ ಕರೆದುಕೊಂಡು ಹೋಗಿ ಶ್ರವಣ ಪರೀಕ್ಷೆ ಮಾಡಿಸಿ. ಇದು ಹೆದರಿಸುವ ಮಾತಲ್ಲ. ನನ್ನ ವಿದ್ಯಾರ್ಥಿಗಳೆಲ್ಲರಿಗೂ ಹೇಳುವ ಮಾತು. ಈ ಕೃತಿಯ ಎತ್ತರದ ತುದಿ ಸ್ವರಲಿಪಿಯ ಗೆರೆಗಳನ್ನು ದಾಟಿ ಬಹಳ ಮೇಲಿರುವ ಡಿ. ಅದರ ಕಂಪನ ಸೆಕೆಂಡಿಗೆ ಸುಮಾರು 2,350. ಅದನ್ನು ಪೂರ್ತಿ ಬಲದಿಂದ ಊದಬೇಕು. ಊದುವವರ ಕಿವಿಯ ಬಳಿ ಇಂಥ ಸ್ವರಗಳು 100 ಡೆಸಿಬೆಲ್ ದಾಟಬಲ್ಲವು. ಸದ್ದಿನಲ್ಲಿ ಕೆಲಸ ಮಾಡುವವರಿಗೆ ಹೇಳುವ ಸುರಕ್ಷತೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಆದರೆ ದಿನಕ್ಕೆ ಎಂಟು ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯಬೇಕು. ಹಾಗೆ ಇಳಿಸುತ್ತಾ ಬಂದರೆ 100ರಲ್ಲಿ ಉಳಿಯುವುದು ಹದಿನೈದೇ ನಿಮಿಷ. ಕೊಳಲು ಬಲಕ್ಕೆ ಚಾಚಿರುವುದರಿಂದ ಬಲಕಿವಿಗೆ ಬೀಳುವ ಭಾರ ಹೆಚ್ಚು. ನಿಮ್ಮ ಮಗಳು ಬಲಕಿವಿ ಎಂದದ್ದು ಇದಕ್ಕೆ ಹೊಂದುತ್ತದೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಸಂಗೀತಗಾರರಿಗೆಂದೇ ಬರುವ, ಸದ್ದನ್ನು ಸಮನಾಗಿ ತಗ್ಗಿಸುವ ಕಿವಿಬಿರಡೆ ಸಿಗುತ್ತದೆ. ತುದಿಯ ಸ್ವರಗಳ ಅಭ್ಯಾಸಕ್ಕೆ ಬಲಕಿವಿಗಾದರೂ ಅದನ್ನು ಹಾಕಿಕೊಳ್ಳಲಿ. ಟೈಲ್ಸ್ ಹಾಕಿದ ಚಿಕ್ಕ ಕೋಣೆ ಬೇಡ. ಪರದೆ, ಹಾಸಿಗೆ, ಬಟ್ಟೆಯ ಬೀರು ಇರುವ ಕೋಣೆ ಒಳ್ಳೆಯದು. ಎತ್ತರದ ಸಾಲುಗಳನ್ನು ಬಹುಪಾಲು ಒಂದು ಸ್ಥಾಯಿ ಕೆಳಗೆ ನುಡಿಸಿ ಬೆರಳಿಗೂ ಲಯಕ್ಕೂ ಕೂರಿಸಿಕೊಂಡು, ನಿಜವಾದ ಎತ್ತರದಲ್ಲಿ ದಿನಕ್ಕೆ ಕೆಲವೇ ಸಲ ನುಡಿಸಲಿ. ತುಟಿಯ ಮಾತೂ ಇಲ್ಲೇ ಬರುತ್ತದೆ. ಆ ಡಿ ಹುಟ್ಟಬೇಕಾದದ್ದು ಗಾಳಿಯ ವೇಗದಿಂದ. ಹುಡುಗರು ಕೊಳಲನ್ನು ತುಟಿಗೆ ಒತ್ತಿ ಹುಟ್ಟಿಸಲು ನೋಡುತ್ತಾರೆ. ಕೆಳತುಟಿ ಜೋಮು ಹಿಡಿದರೆ, ತಲೆ ಹಗುರಾದಂತೆ ಅನ್ನಿಸಿದರೆ, ಅಲ್ಲಿಗೆ ನಿಲ್ಲಿಸಿ ಹತ್ತು ನಿಮಿಷ ಕೂರಬೇಕು.

ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಏಕೆಂದರೆ ‘ಶುರುವಿನಲ್ಲಿ ಯಾವುದೋ ರಾಗ ಸಿಕ್ಕಂತಾಗುತ್ತದೆ’ ಎಂಬ ನಿಮ್ಮ ಕಿವಿಯ ಮಾತು ತಪ್ಪಲ್ಲ. ಕೃತಿ ಶುರುವಾಗುವುದು ಎಫ್, ಇ, ಎಫ್ ಶಾರ್ಪ್ ಎಂಬ ಮೂರು ಸ್ವರಗಳಿಂದ. ಮೊದಲೆರಡು ಚುಟುಕು, ಮೂರನೆಯದು ದೀರ್ಘ. ನಮ್ಮ ಕಿವಿ ಅಭ್ಯಾಸಬಲದಿಂದ ಮೊದಲ ಸ್ವರವನ್ನೇ ಷಡ್ಜ ಎಂದು ಹಿಡಿಯುತ್ತದೆ. ಹಾಗೆ ಹಿಡಿದರೆ ನೀವು ಕೇಳಿದ್ದು ಸ, ಕಾಕಲಿ ನಿಷಾದ, ಶುದ್ಧ ರಿಷಭ. ಮಾಯಾಮಾಳವಗೌಳ! ಸರಳೆ ವರಸೆಯಿಂದ ಎದೆಗಿಳಿದ ರಾಗ. ಕಿವಿ ನೆಟ್ಟಗಾಗದೆ ಇದ್ದೀತೇ? ಆಮೇಲೆ ಕೊಳಲು ಕೆಳಗಿನ ಸಿ ಶಾರ್ಪ್‌ಗೆ ಇಳಿಯುತ್ತದೆ. ಅದು ಶುದ್ಧ ಧೈವತ, ಇನ್ನೂ ಮಾಯಾಮಾಳವಗೌಳದ ಮನೆಯೊಳಗೇ ಇದ್ದೇವೆ. ಅಲ್ಲಿಂದ ನೇರ ಜಿ ಸ್ವರಕ್ಕೆ ಜಿಗಿಯುತ್ತದೆ. ಆ ಜಿ ನಿಮ್ಮ ಲೆಕ್ಕದಲ್ಲಿ ಚತುಶ್ರುತಿ ರಿಷಭದ ಸ್ಥಾನ. ಶುದ್ಧ ರಿಷಭ ಈಗಷ್ಟೇ ಉದ್ದಕ್ಕೆ ನಿಂತು ಹೋಗಿದೆ, ಅದರ ಪಕ್ಕದಲ್ಲೇ ಇನ್ನೊಂದು ಬಂದು ನಿಂತಿತು. ನಿಮ್ಮ ಕೈಜಾರಿದ್ದು ಇಲ್ಲೇ. ಹಟ ಹಿಡಿದು ಅದನ್ನು ಶುದ್ಧ ಗಾಂಧಾರ ಎಂದು ಕರೆದು, ಮೂರನೆಯ ಮೇಳಕರ್ತವಾದ ಗಾನಮೂರ್ತಿಯಲ್ಲಿ ಕೂರಿಸಬಹುದು. ನಾನೂ ಮೊದಲು ಹಾಗೆ ಮಾಡಿ ನೋಡಿದವಳೇ. ಮುಂದೆ ಆ ಆಸರೆಯೂ ಕಳಚುತ್ತದೆ, ಹನ್ನೆರಡು ಸ್ವರಸ್ಥಾನಗಳೂ ಒಂದೊಂದಾಗಿ ಬಂದು ಸೇರುತ್ತವೆ.

ಹಿಡಿಯಬೇಕಾದ ಎಳೆ ಬೇರೆ. ಸಿ ಶಾರ್ಪ್‌ನಿಂದ ಜಿವರೆಗಿನ ಜಿಗಿತವನ್ನು ಕೇಳಿ. ಅದು ಸ ಮತ್ತು ಪ್ರತಿಮಧ್ಯಮದ ನಡುವಿನ ದೂರ. ಪಂಚಮದಂತೆ ಆಧಾರವಾಗಿ ನಿಲ್ಲುವ ಜೋಡಿ ಅಲ್ಲ ಅದು, ಎತ್ತಲೂ ವಾಲದೆ ನಡುವೆ ತೂಗುವ ಜೋಡಿ. ಷಡ್ಜವಿಲ್ಲದೆ ನಡೆಯಲು ವರೇಸ್ ಅದನ್ನೇ ಆರಿಸಿಕೊಂಡರು. ಮೊದಲ ಸ್ವರಗಳೆಲ್ಲ ಆ ಇಕ್ಕಟ್ಟಿನ ಜಾಗದೊಳಗೇ ತಿರುಗುತ್ತವೆ, ಒಂದೊಂದೇ ಅರ್ಧಸ್ವರದಷ್ಟು ಗೋಡೆಯನ್ನು ಮೇಲಕ್ಕೆ ತಳ್ಳುತ್ತವೆ. ಬಹಳ ಹೊತ್ತಿನ ಮೇಲೆ ತುದಿಯ ಡಿ ಬಂದಾಗ ಅದು ಕಿರುಚಾಟದಂತೆ ಕೇಳಿಸಿದರೆ ಮೊದಲಿನ ತಳ್ಳಾಟ ಸರಿಯಾಗಿ ನುಡಿದಿಲ್ಲ ಎಂದರ್ಥ. ಸರಿಯಾಗಿ ನುಡಿದಿದ್ದರೆ ಅದಕ್ಕಾಗಿಯೇ ಇಷ್ಟು ಹೊತ್ತು ಕಾಯುತ್ತಿದ್ದೆವು ಅನ್ನಿಸುತ್ತದೆ. ವರೇಸ್ ತಾವೇ ಹೇಳಿರುವಂತೆ ಇಡೀ ಕೃತಿ ನಿಂತಿರುವುದು ಎರಡು ಚಿಕ್ಕ ಸ್ವರವಾಕ್ಯಗಳ ಮೇಲೆ. ಒಂದು ಎರಡರ ನಡೆಯದು, ಆರಂಭದಲ್ಲೂ ಕೊನೆಯಲ್ಲೂ ಬರುವುದು ಅದೇ. ಇನ್ನೊಂದು ಮೂರರ ನಡೆಯದು.

ಇನ್ನು ಸ್ವರದ ದಪ್ಪ. ಉದ್ದ ಸ್ವರಗಳ ಮೇಲೆ ಅವರು ಬಲದ ಏರಿಳಿತವನ್ನು ಎಷ್ಟು ಕರಾರುವಾಕ್ಕಾಗಿ ಬರೆದಿದ್ದಾರೆಂದರೆ, ಒಂದೇ ಸ್ವರ ನಿಂತಲ್ಲೇ ಸಣ್ಣದರಿಂದ ದೊಡ್ಡದಾಗಿ ಉಬ್ಬುತ್ತದೆ, ಇಲ್ಲವೇ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ರಾಗಭಾವ ತುಂಬಲು ನಾವು ಸ್ವರವನ್ನು ಪಕ್ಕಕ್ಕೆ ಅಲುಗಿಸುತ್ತೇವೆ. ಇವರು ಸ್ವರವನ್ನು ಅದರ ಜಾಗದಲ್ಲೇ ನಿಲ್ಲಿಸಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಸಾಂದ್ರತೆ ಎಂಬ ಹೆಸರು ಲೋಹದಿಂದ ಬಂದದ್ದಿರಬಹುದು, ನುಡಿಸುವವರಿಗೆ ಅದು ಸಿಗಬೇಕಾದದ್ದು ಇಲ್ಲಿ. ಬೆಳ್ಳಿ ಲೇಪದ ಕೊಳಲೂ ಇದನ್ನು ಮಾಡಬಲ್ಲದು, ಸೋರದಿದ್ದರೆ.

ಬಿದಿರಿನಿಂದ ಬಂದ ಮಕ್ಕಳಿಗೆ ಇಲ್ಲಿ ಒಂದು ತೊಡಕುಂಟು. ಎಫ್‌ನಿಂದ ಇಗೆ, ಇಯಿಂದ ಎಫ್ ಶಾರ್ಪ್‌ಗೆ ಹೋಗುವಾಗ ಬೆರಳು ತಾನಾಗಿ ಜಾರುತ್ತದೆ. ತಿಳಿಯದಂತೆ ಒಂದು ಕಂಪಿತ ಸೇರಿಕೊಳ್ಳುತ್ತದೆ. ನಮಗೆ ಅದು ಸಹಜ, ಇಂಪೂ ಹೌದು. ಈ ಕೃತಿಯಲ್ಲಿ ಆ ಮೂರು ಸ್ವರಗಳು ಮೂರು ಕಲ್ಲುಗಳ ಹಾಗೆ ಬೇರೆಬೇರೆಯಾಗಿ ನಿಲ್ಲಬೇಕು. ಕಾಲಪ್ರಮಾಣದ್ದೂ ಇದೇ ಕಥೆ. ಒಂಟಿ ಕೊಳಲು, ಜೊತೆಗೆ ಯಾರೂ ಇಲ್ಲ ಎಂದು ಆಲಾಪನೆಯಂತೆ ಹಿಗ್ಗಿಸಿ ನುಡಿಸುವುದು ಸಾಮಾನ್ಯ ತಪ್ಪು. ವರೇಸ್ ನಿಮಿಷಕ್ಕೆ 72 ಎಣಿಕೆಗಳ ನಡೆ ಕೊಟ್ಟು, ಸದಾ ಕಟ್ಟುನಿಟ್ಟಾಗಿ ಕಾಲಕ್ಕೆ ಸರಿಯಾಗಿ ನುಡಿಸಿ, ಮೆಟ್ರೊನೋಮ್ (ಲಯ ಎಣಿಸುವ ಯಂತ್ರ) ಸೂಚನೆಗಳನ್ನು ಪಾಲಿಸಿ ಎಂದು ಬರೆದಿದ್ದಾರೆ. ನೀವು ಪಕ್ಕದಲ್ಲಿ ಕೂತು ನಾಲ್ಕೆಣಿಕೆ ಹಾಕಿದರೆ ಅವಳಿಗೆ ನಿಜವಾದ ಸಹಾಯವಾಗುತ್ತದೆ.

ಇಷ್ಟೆಲ್ಲ ಹೊರಲು ಹದಿನಾರರ ಹುಡುಗಿಗೆ ಸಾಧ್ಯವೇ ಎಂಬುದನ್ನು ಅವಳನ್ನು ವಾರವಾರ ನೋಡುವ ಶಿಕ್ಷಕರೇ ಬಲ್ಲರು. ಅವಳಿಗೇ ಇದು ಹಿಡಿಸದಿದ್ದರೆ, 1913ರ ದೆಬ್ಯುಸಿಯ ‘ಸಿರಿಂಕ್ಸ್’ ಅಥವಾ 1921ರ ಒನೆಗ್ಗರ್‌ರ ‘ಮೇಕೆಯ ಕುಣಿತ’ ಮೊದಲು ಕಲಿತು ಇದಕ್ಕೆ ಬರಬಹುದು. ಎರಡೂ ಒಂಟಿ ಕೊಳಲಿನವು, ಕಿವಿಗೆ ಹತ್ತಿರದವು. ಆದರೆ ಪರೀಕ್ಷೆಯ ಪಟ್ಟಿ ಬದಲಿಸಿದರೆ ಕಳೆದ ತಿಂಗಳುಗಳ ಶ್ರಮ ಪಕ್ಕಕ್ಕೆ ಸರಿಯುತ್ತದೆ, ಅದರ ಬೇಸರವೂ ಇರುತ್ತದೆ. ಶ್ರುತಿಪೆಟ್ಟಿಗೆಯನ್ನು ಆರಿಸಿದ ಹುಡುಗಿಗೆ ಇದು ಹಿಡಿಸಿಲ್ಲ ಎಂದು ನನಗಂತೂ ಅನ್ನಿಸುವುದಿಲ್ಲ. ಅವಳು ನಿಮ್ಮ ಪಾಠವನ್ನು ಬೇಡ ಎಂದದ್ದಲ್ಲ. ಆಧಾರ ಷಡ್ಜ ಮೊಳಗುತ್ತಿದ್ದರೆ ಈ ಕೃತಿಯ ಪ್ರತಿ ಸ್ವರವೂ ಅದಕ್ಕೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಆಗ ಆ ಜಿಗಿತಕ್ಕೆ ತೂಗುವ ಜಾಗವೇ ಉಳಿಯುವುದಿಲ್ಲ. ಅದು ಅವಳ ಕಿವಿಗೆ ಗೊತ್ತಾಗಿದೆ.

ಆದರೂ ಆ ಪೆಟ್ಟಿಗೆಯನ್ನು ಒಳಗಿಡಬೇಡಿ. ಗಟ್ಟಿಯಾಗಿ ಊದಿದಾಗ ಕೊಳಲಿನ ಶ್ರುತಿ ಏರುತ್ತದೆ, ಮೆಲ್ಲಗಾದಾಗ ಇಳಿಯುತ್ತದೆ. ಉಬ್ಬಿ ಕುಗ್ಗುವ ಉದ್ದ ಸ್ವರಗಳೇ ತುಂಬಿರುವ ಈ ಕೃತಿಯಲ್ಲಿ ಅದೇ ದೊಡ್ಡ ಸವಾಲು. ಬೆಳಗ್ಗೆ ಹತ್ತು ನಿಮಿಷ ಅವಳ ಜೊತೆ ಕೂತುಕೊಳ್ಳಿ. ಪೆಟ್ಟಿಗೆಯನ್ನು ಸಿ ಶಾರ್ಪ್‌ಗೆ ಇಟ್ಟು, ಪಂಚಮ ತೆಗೆದುಬಿಡಿ. ಅವಳು ಅದೇ ಸ್ವರವನ್ನು ಎಂಟು ಎಣಿಕೆ ಏರಿಸಿ, ಎಂಟು ಎಣಿಕೆ ಇಳಿಸಲಿ. ಎಲ್ಲಿ ಶ್ರುತಿ ಬಿಟ್ಟಿತು ಎಂಬುದನ್ನು ವರ್ಣದವರೆಗೆ ಕಲಿತ ನಿಮ್ಮ ಕಿವಿ ಯಾವ ಯಂತ್ರಕ್ಕಿಂತಲೂ ಬೇಗ ಹಿಡಿಯುತ್ತದೆ. ಆಮೇಲೆ ಪೆಟ್ಟಿಗೆಯನ್ನು ಜಿಗೆ ತಿರುಗಿಸಿ, ಹಾಗೆಯೇ ಮಾಡಿಸಿ. ಅದು ಮುಗಿದ ಮೇಲೆ ನೀವೇ ಕೈಯಾರೆ ಆರಿಸಿ, ಮೊದಲ ಸಾಲನ್ನು ನುಡಿಸಲು ಹೇಳಿ.